ನಾನು ವೃತ್ತಿಪರ ಆಟಗಾರನಾಗಲು ಹೊರಟದ್ದು

ಈ ಸಂಚಿಕೆಯ ಕೊನೆಯಲ್ಲಿ, ಕ್ರೀಡಾ ವರದಿಯ ಎದುರು ಪುಟದಲ್ಲಿ, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಚಿತ್ರವಿದೆ. ಮುಂದಿನ ಸಾಲಿನಲ್ಲಿ ಕುರ್ಚಿಗಳ ಮೇಲೆ ಪ್ರಿನ್ಸಿಪಾಲರು, ದೈಹಿಕ ಶಿಕ್ಷಣದ ಮೇಷ್ಟ್ರು, ತಂಡದ ನಾಯಕ. ಹಿಂದೆ ಕೈಕಟ್ಟಿ ನಿಂತ ಆಟಗಾರರು. ಹಿಂದಿನ ಎರಡು ವರ್ಷಗಳ ಸಂಚಿಕೆಗಳನ್ನು ತೆಗೆದು ನೋಡುವ ತಾಳ್ಮೆಯುಳ್ಳವರಿಗೆ, ನಿಂತವರ ಸಾಲಿನ ಬಲತುದಿಯಲ್ಲಿ, ಸರಿಯಾಗಿ ಚಿತ್ರ ತೆಗೆಯುವ ಕ್ಷಣಕ್ಕೇ ಕಣ್ಣು ಮುಚ್ಚಿಕೊಂಡ ಒಬ್ಬ ಸಣಕಲು ಹುಡುಗ ಕಾಣಸಿಗುತ್ತಾನೆ. ಅವನೇ ನಾನು. ಈ ವರ್ಷದ ಚಿತ್ರದಲ್ಲಿ ನಾನಿಲ್ಲ. ಚಿತ್ರದಲ್ಲಿ ಇಲ್ಲದವನಿಗೆ ಒಂದು ಲೇಖನಕ್ಕಾದರೂ ಜಾಗ ಕೊಡಬಹುದೆಂದು ಸಂಪಾದಕ ಮಿತ್ರರು ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ತಂಡದಿಂದ ತೆಗೆದುಹಾಕಿದರೆಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಏಕೆಂಬುದರ ವಿಷಯದಲ್ಲಿ ಮಾತ್ರ ಕ್ಯಾಂಟೀನಿನಲ್ಲಿ ಮೂರು ಕಥೆಗಳಿವೆ. ಒಂದರಲ್ಲಿ ನಾನು ರೆಫರಿಗೆ ಹೊಡೆದಿದ್ದೇನೆ. ಇನ್ನೊಂದರಲ್ಲಿ ಹಾಜರಿ ಸಾಲದೆ ಸಿಕ್ಕಿಬಿದ್ದಿದ್ದೇನೆ. ಮೂರನೆಯದರಲ್ಲಿ ಯಾರದೋ ಹೊಟ್ಟೆಕಿಚ್ಚಿಗೆ ಬಲಿಯಾಗಿದ್ದೇನೆ. ಈ ಮೂರನೆಯ ಕಥೆಯನ್ನು ಹಬ್ಬಿಸಿದವರು ನನ್ನ ಸ್ನೇಹಿತರು, ಅವರಿಗೆ ಕೃತಜ್ಞನಾಗಿದ್ದೇನೆ. ಆದರೆ ನಿಜವಾದ ಕಥೆ ಈ ಮೂರಕ್ಕಿಂತಲೂ ಸಪ್ಪೆಯಾದದ್ದು. ನನಗೆ ಹೆಚ್ಚು ನಾಚಿಕೆ ತರುವಂಥದ್ದು.

ನನ್ನ ಊರು ಕೋಲಾರದ ಚಿನ್ನದ ಗಣಿ, ಕೆ.ಜಿ.ಎಫ್. ಚಿನ್ನ ಅಗೆಯಲು ಬಂದ ಬ್ರಿಟಿಷರು ತಮ್ಮೊಡನೆ ಚೆಂಡನ್ನೂ ತಂದರು. ಚಿನ್ನವನ್ನು ಅವರು ಕೊಂಡೊಯ್ದರು. ಚೆಂಡು ನಮಗೆ ಉಳಿಯಿತು. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು, ಅಪ್ಪನೂ ಅಲ್ಲಿಯೇ. ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿ ಅದು. ಕೆಳಗೆ ಎಂಟು ಗಂಟೆ ಬೆವರು ಸುರಿಸಿ ಮೇಲೆ ಬಂದವರು ಸಂಜೆ ಮತ್ತೆ ಮೈದಾನದಲ್ಲಿ ಬೆವರಲು ಓಡುತ್ತಿದ್ದರಂತೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅಂದಿನಿಂದ ನಮ್ಮ ಊರಿನ ಅರ್ಧ ಜನ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆಂದರೆ ಅತಿಶಯೋಕ್ತಿಯೇನೂ ಅಲ್ಲ. ಅಪ್ಪ ಒಂದು ಕಚೇರಿಯಲ್ಲಿ ಕಾವಲುಗಾರರು. ಅವರದೇ ರೈಲಿನಲ್ಲಿ ನಾನು ಕಾಲೇಜಿಗೆ ಬರುತ್ತೇನೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಂದು ಒಂದೊಂದು ನಿಲ್ದಾಣದಲ್ಲೂ ಜನ ತುಂಬಿ, ಬಂಗಾರಪೇಟೆಗೆ ಬರುವ ಹೊತ್ತಿಗೆ ನಿಲ್ಲಲೂ ಸ್ಥಳವಿರುವುದಿಲ್ಲ. ಒಂದು ಕಾಲಿನ ಮೇಲೆ ನಿಲ್ಲುವುದನ್ನು ನಾನು ಮೈದಾನದಲ್ಲಿ ಕಲಿತದ್ದಲ್ಲ, ಆ ರೈಲಿನಲ್ಲಿ.

ಆ ರೈಲಿನಲ್ಲೇ ಹೋದ ಅಕ್ಟೋಬರಿನಲ್ಲಿ ಒಬ್ಬರು ನನ್ನ ಚೀಲದಿಂದ ಇಣುಕುತ್ತಿದ್ದ ಬೂಟುಗಳನ್ನು ನೋಡಿ ಮಾತಿಗೆ ತೊಡಗಿದರು. ಬೆಂಗಳೂರಿನ ಹೊರವಲಯದಲ್ಲಿ ಏಳೇಳು ಜನರ ಪಂದ್ಯಾವಳಿ, ಗೆದ್ದವರಿಗೆ ನಗದು ಬಹುಮಾನ. ತಮ್ಮ ತಂಡಕ್ಕೆ ಒಬ್ಬ ಬಲಬದಿಯ ಆಟಗಾರ ಬೇಕು. ಗೆದ್ದರೂ ಸೋತರೂ ನನಗೆ ಒಂದು ಸಾವಿರ ರೂಪಾಯಿ ಎಂದರು. ನನ್ನ ಬೂಟಿನ ಅಡಿ ಕಿತ್ತು ಹೋಗಿ ಎರಡು ತಿಂಗಳಾಗಿತ್ತು. ನಾನು ಒಪ್ಪಿಕೊಂಡೆ. ಆಮೇಲೆ ದಿನಾಂಕ ಕೇಳಿದೆ. ಅಂದೇ ನಮ್ಮ ಕಾಲೇಜಿನ ಅಂತರ ಕಾಲೇಜು ಪಂದ್ಯದ ಸೆಮಿಫೈನಲ್.

ನಮ್ಮ ನಾಯಕನಿಗೆ ಜ್ವರವೆಂದು ಫೋನ್ ಮಾಡಿದೆ. ಅವನು, "ಬಿಸಿನೀರು ಕುಡಿದು ಮಲಗು, ಆಟದ ಯೋಚನೆ ಬಿಡು" ಎಂದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಆ ಏಳು ಜನರ ಪಂದ್ಯದಲ್ಲಿ ಗೆದ್ದೆ. ಕಾಲೇಜು ಸೆಮಿಫೈನಲ್‌ನಲ್ಲಿ ಒಂದು ಗೋಲಿನಿಂದ ಸೋತಿತು. ಆ ಗೋಲು ಬಂದದ್ದು ಬಲಬದಿಯಿಂದ. ನನ್ನ ಜಾಗದಲ್ಲಿ ನಿಂತಿದ್ದವನು ಎಂದೂ ಹಿಂದೆ ನಿಂತು ಆಡಿದವನಲ್ಲ. ಮಾರನೆಯ ದಿನ ಯಾರದೋ ಮೊಬೈಲಿನಲ್ಲಿ ನಾನು ಬಟ್ಟಲು ಎತ್ತಿ ಹಿಡಿದ ಚಿತ್ರ ಬಂತು. ಈ ಸಲ ಮಾತ್ರ ನನ್ನ ಕಣ್ಣು ಚೆನ್ನಾಗಿ ತೆರೆದಿತ್ತು.

ಮೇಷ್ಟ್ರು ಕರೆಸಿದರು. ತಮ್ಮ ಕೋಣೆಯಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು.

"ಜ್ವರ ಹೇಗಿದೆಯಪ್ಪಾ?"

"ಬಿಟ್ಟಿತು ಸಾರ್."

"ಯಾವಾಗ? ಕಪ್ ಎತ್ತುವುದಕ್ಕೆ ಮೊದಲೋ, ಆಮೇಲೋ?"

ನಾನು ಸುಮ್ಮನೆ ನಿಂತೆ. ಅವರು ಪಂಪನ್ನು ಕೆಳಗಿಟ್ಟು ಹೇಳಿದರು: "ದುಡ್ಡು ಬೇಕಿತ್ತು ಸಾರ್ ಅಂದಿದ್ದರೆ ನಾನೇ ಕಳಿಸುತ್ತಿದ್ದೆನೋ ಏನೋ. ಜ್ವರ ಅಂದೆ. ಹನ್ನೊಂದು ಜನ ಒಬ್ಬರ ಮಾತನ್ನೊಬ್ಬರು ನಂಬಿಕೊಂಡು ಆಡುವ ಆಟ ಇದು. ಜರ್ಸಿ ಒಗೆದು ತಂದುಕೊಡು."

ಆ ಮಾತಿನಲ್ಲಿದ್ದ ನ್ಯಾಯ ನನಗೆ ಆಗ ಕಾಣಲಿಲ್ಲ. ಇಪ್ಪತ್ತು ವರ್ಷದವನಿಗೆ ಅವಮಾನವಾದಾಗ ಮೊದಲು ಹುಟ್ಟುವುದು ಪಶ್ಚಾತ್ತಾಪವಲ್ಲ, ಮಹತ್ವಾಕಾಂಕ್ಷೆ. ನನ್ನ ಕಾಲಿಗೆ ಸಾವಿರ ರೂಪಾಯಿ ಬೆಲೆ ಕಟ್ಟಿದವರಿದ್ದಾರೆ. ದುಡ್ಡಿಗೆ ಆಡುವುದು ಇಲ್ಲಿ ತಪ್ಪಾದರೆ, ಅದು ತಪ್ಪಲ್ಲದ ಕಡೆಗೆ ಹೋಗುತ್ತೇನೆ ಎಂದುಕೊಂಡೆ. ಆ ಸಾವಿರಕ್ಕೆ ಹೊಸ ಬೂಟು ಕೊಂಡು, ವೃತ್ತಿಪರ ಆಟಗಾರನಾಗುವುದೆಂದು ತೀರ್ಮಾನಿಸಿದೆ.

ಕಲಾ ವಿಭಾಗದ ವಿದ್ಯಾರ್ಥಿಯಾದ್ದರಿಂದ ಮೊದಲು ಚರಿತ್ರೆಯನ್ನು ಓದಿದೆ. ಬೆಂಗಳೂರಿನ ಹುಡುಗರಿಗೆ ಈ ಕನಸು ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 2–1ರಿಂದ ಸೋತಾಗ ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಬೆಂಗಳೂರಿನವರೇ ಆದ ಅಹಮದ್ ಖಾನ್ ಕಲ್ಕತ್ತೆಗೆ ಹೋಗಿ, ಈಸ್ಟ್ ಬೆಂಗಾಲ್ ಸಂಘದಲ್ಲಿ 'ಪಂಚಪಾಂಡವರು' ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಆ ಕಾಲದಲ್ಲಿ ಆಟದಿಂದ ಅನ್ನ ಸಿಗಬೇಕಾದರೆ ಕಲ್ಕತ್ತೆಗೆ ಹೋಗಬೇಕು, ಇಲ್ಲವೆ ಕಾರ್ಖಾನೆಗೆ ಸೇರಬೇಕು. ಎಚ್.ಎ.ಎಲ್., ಐ.ಟಿ.ಐ.ಯಂಥ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ. ಮಂಡಿ ಹೋದ ಮೇಲೂ ನೌಕರಿ ಉಳಿಯುತ್ತಿತ್ತು. ಮೈಸೂರು ಸಂಸ್ಥಾನವೂ ರಾಜ್ಯವೂ ಸೇರಿ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದದ್ದು ಅಂಥ ದಿನಗಳಲ್ಲಿ. ನಾಲ್ಕನೆಯದು 1968–69ರಲ್ಲಿ, ಐದನೆಯದಕ್ಕೆ, ಕರ್ನಾಟಕದ ಹೆಸರಿನಲ್ಲಿ, 2023ರ ಮಾರ್ಚಿಯವರೆಗೆ ಕಾಯಬೇಕಾಯಿತು. ಅದೂ ದೂರದ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2ರಿಂದ.

ಈಗಿನ ದಾರಿ ಬೇರೆ. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂದು ಆಟ ಪೂರ್ಣಾವಧಿಯ ಉದ್ಯೋಗವಾಗುತ್ತ ಬಂತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆದರೆ ಈ ದಾರಿಯ ಬಾಗಿಲು ಚಿಕ್ಕದು, ಬೇಗ ಮುಚ್ಚುವಂಥದ್ದು. ಸುನಿಲ್ ಛೇತ್ರಿಯವರು 2002ರಲ್ಲಿ ಮೋಹನ್ ಬಾಗಾನ್ ಸೇರಿದಾಗ ಅವರಿಗಿನ್ನೂ ಹದಿಹರೆಯ. ಸಂಘಗಳು ಈಗ ಹನ್ನೆರಡು, ಹದಿಮೂರರ ಮಕ್ಕಳನ್ನೇ ಆರಿಸಿ ಬೆಳೆಸುತ್ತವೆ. ಒಳಗೆ ಹೋದವರಿಗೂ ನೆಮ್ಮದಿಯಿಲ್ಲ: 2025ರಲ್ಲಿ ಲೀಗ್ ನಡೆಸುವ ಹಕ್ಕಿನ ತಕರಾರಿನಿಂದ ಋತುವೇ ಮುಂದಕ್ಕೆ ಹೋಗಿ, ಆಟಗಾರರ ಸಂಬಳವನ್ನು ತಡೆಹಿಡಿದ ಸಂಘಗಳೂ ಇದ್ದವು. ಇದನ್ನೆಲ್ಲ ಓದಿದೆ, ಪುಸ್ತಕ ಮುಚ್ಚಿದೆ, ಓಡಲು ಹೋದೆ. ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿಲ್ಲದಿರುವುದು ನನ್ನೊಬ್ಬನ ರೋಗವಲ್ಲವೆಂದು ಅಧ್ಯಾಪಕರು ಬಲ್ಲರು.

ಎರಡು ತಿಂಗಳು ರಾತ್ರಿ ಊರಿಗೆ ಮರಳಿದ ಮೇಲೆ ಸೈನೈಡ್ ದಿಬ್ಬಗಳ ಬದಿಯ ಬಯಲಿನಲ್ಲಿ ಓಡಿದೆ. ಗಣಿಯಿಂದ ಅಗೆದು, ಚಿನ್ನ ಹಿಂಡಿ, ಚೆಲ್ಲಿದ ಪುಡಿಯ ಗುಡ್ಡಗಳು ಅವು. ಗಾಳಿ ಎದ್ದರೆ ಬಾಯಲ್ಲೆಲ್ಲ ಬೂದು ಧೂಳು. ತಂಡದಿಂದ ತೆಗೆದ ವಿಷಯವನ್ನು ಮನೆಯಲ್ಲಿ ಹೇಳಿರಲಿಲ್ಲ. ಅಮ್ಮ, "ಕಾಲೇಜಿನವರು ಇಷ್ಟೊಂದು ಓಡಿಸುತ್ತಾರಲ್ಲ, ಒಂದು ಮೊಟ್ಟೆಯನ್ನಾದರೂ ಕೊಡಬಾರದೆ?" ಎಂದು ಕಾಲೇಜನ್ನು ಬೈಯುತ್ತಿದ್ದರು. ಕಾಲೇಜಿನ ಪರವಾಗಿ ನಾನು ಏನೂ ಹೇಳಲಿಲ್ಲ. ಇದಕ್ಕಾಗಿ ಪ್ರಿನ್ಸಿಪಾಲರ ಕ್ಷಮೆ ಕೇಳುತ್ತೇನೆ.

ಡಿಸೆಂಬರಿನಲ್ಲಿ ಬೆಂಗಳೂರಿನ ಸಂಘವೊಂದು ತನ್ನ ಎರಡನೆಯ ತಂಡಕ್ಕೆ ಬಹಿರಂಗ ಆಯ್ಕೆ ನಡೆಸುವುದಾಗಿ ಪ್ರಕಟಿಸಿತು. ಇಪ್ಪತ್ತೊಂದರ ಒಳಗಿನವರು ಯಾರೂ ಬರಬಹುದು. ನಾನು ಹೋದೆ. ಗೇಟಿನ ಹತ್ತಿರ ಸಾಲು ರಸ್ತೆಯವರೆಗೆ ಬೆಳೆದಿತ್ತು. ಮಣಿಪುರದಿಂದ, ಮಿಜೋರಂನಿಂದ, ಕೇರಳದಿಂದ ಬಂದವರು. ಎರಡೆರಡು ಜೊತೆ ಬೂಟು ತಂದವರು. ಸಾಲಿನಲ್ಲಿ ನಿಂತೇ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದವರು. ಒಂದು ಅರ್ಜಿ ತುಂಬಬೇಕಿತ್ತು. ಹೆಸರು, ವಯಸ್ಸು, ಎತ್ತರ, ಆಡುವ ಸ್ಥಾನ, ಹಿಂದೆ ಆಡಿದ ತಂಡ. ಕೊನೆಗೆ ಒಂದು ಅಂಕಣ: ಬಿಟ್ಟ ಕಾರಣ.

ಆ ಖಾಲಿ ಗೆರೆಯ ಮುಂದೆ ನಾನು ಎಷ್ಟು ಹೊತ್ತು ನಿಂತೆನೆಂದರೆ ಹಿಂದಿನವನು, "ಪೆನ್ನಿನಲ್ಲಿ ಇಂಕ್ ಇಲ್ಲವಾ?" ಎಂದು ತನ್ನ ಪೆನ್ನು ಕೊಟ್ಟ. 'ವಿದ್ಯಾಭ್ಯಾಸದ ಒತ್ತಡ' ಎಂದು ಬರೆಯಬಹುದಿತ್ತು, ಯಾರು ಕೇಳುತ್ತಿದ್ದರು? ಆದರೆ ಮತ್ತೊಂದು ಜ್ವರ ಬರಿಸಿಕೊಳ್ಳುವ ಶಕ್ತಿ ನನ್ನಲ್ಲಿ ಇರಲಿಲ್ಲ. 'ಜ್ವರವೆಂದು ಸುಳ್ಳು ಹೇಳಿ ಬೇರೆ ಕಡೆ ಆಡಿದ್ದಕ್ಕೆ ತೆಗೆದುಹಾಕಿದರು' ಎಂದು ಬರೆದು, ಎದೆಗೆ 117ನೆಯ ನಂಬರಿನ ಚೀಟಿ ಚುಚ್ಚಿಕೊಂಡು ಒಳಗೆ ಹೋದೆ.

ಎರಡು ತಿಂಗಳ ಓಟಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಹನ್ನೊಂದು ಜನರಲ್ಲಿ ಒಬ್ಬರ ಹೆಸರೂ ಇನ್ನೊಬ್ಬರಿಗೆ ಗೊತ್ತಿಲ್ಲ. ನನ್ನ ಎದುರು ಇದ್ದವನು ಹದಿನೇಳರ ಹುಡುಗ. ಎರಡು ಸಲ ನನ್ನನ್ನು ದಾಟಿ ಹೋದ. ಮೂರನೆಯ ಸಲ ಚೆಂಡನ್ನು ಅವನಿಂದ ಚೊಕ್ಕವಾಗಿ ಕಸಿದುಕೊಂಡೆ. ಎದೆ ಉಬ್ಬಿ, ಮುಂದೆ ಓಡಿ, ಗೋಲಿನ ಮುಂದಕ್ಕೆ ಎತ್ತಿ ಹೊಡೆದೆ. ಒಳ್ಳೆಯ ಹೊಡೆತ. ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಆಯ್ಕೆಯಾದವರ ನಂಬರುಗಳನ್ನು ಓದಿದರು. 112 ಆದ ಮೇಲೆ 121 ಬಂತು. ಚೀಟಿ ಕಿತ್ತು ಹೊರಟವನನ್ನು ತರಬೇತುದಾರರಲ್ಲಿ ಹಿರಿಯರೊಬ್ಬರು ಕೂಗಿ ಕರೆದರು. ಅವರ ಕೈಯಲ್ಲಿ ನನ್ನ ಅರ್ಜಿಯಿತ್ತು.

"ಇದನ್ನು ಬರೆದವನು ನೀನೇನಪ್ಪಾ?"

"ಹೌದು ಸಾರ್."

"ಇವತ್ತು ಬಂದವರೆಲ್ಲ 'ವೈಯಕ್ತಿಕ ಕಾರಣ' ಅಂತ ಬರೆದಿದ್ದಾರೆ. ಅದಕ್ಕೇ ನಿನಗೊಂದು ನಿಜ ಹೇಳೋಣ ಅಂತ ಕರೆದೆ. ಕಾಲು ಚೆನ್ನಾಗಿದೆ, ದಮ್ಮೂ ಇದೆ. ಚೆಂಡು ನಿನ್ನ ಹತ್ತಿರ ಬರುವ ಮುಂಚೆ ನೀನು ಏನು ನೋಡುತ್ತೀಯ?"

"ಚೆಂಡನ್ನೇ ಸಾರ್."

"ಅದೇ. ಆ ಹದಿನೇಳರ ಹುಡುಗ ಚೆಂಡು ಬರುವುದಕ್ಕೆ ಮೊದಲು ಮೂರು ಸಲ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾನೆ. ಚೆಂಡು ಬಂದ ಮೇಲೆ ಅವನು ಯೋಚಿಸಬೇಕಾಗಿಲ್ಲ. ನೀನು ಆಗ ಯೋಚಿಸಲು ಶುರು ಮಾಡುತ್ತೀಯ. ಇದನ್ನು ಹನ್ನೆರಡು ವರ್ಷಕ್ಕೆ ಕಲಿಸಬೇಕು. ನಿನಗೆ ಯಾರೂ ಕಲಿಸಲಿಲ್ಲ. ಅದು ನಿನ್ನ ತಪ್ಪಲ್ಲ. ಆದರೆ ನಿನಗೆ ಕಲಿಸಲು ಬೇಕಾದ ವರ್ಷಗಳು ನನ್ನ ಹತ್ತಿರ ಇಲ್ಲ."

ಸಂಜೆಯ ರೈಲಿನಲ್ಲಿ ಅಪ್ಪ ಸಿಕ್ಕರು. ಕಿಟಕಿಯ ಪಕ್ಕ ಜಾಗ ಹಿಡಿದಿಟ್ಟಿದ್ದರು. ವೈಟ್‌ಫೀಲ್ಡ್ ದಾಟುವವರೆಗೆ ಸುಮ್ಮನಿದ್ದು, ಆಮೇಲೆ ಜ್ವರದಿಂದ ಮೊದಲುಗೊಂಡು 117ರವರೆಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮಾಲೂರಿನ ಹತ್ತಿರ ಹೇಳಿದರು: "ಗಣಿ ಮುಚ್ಚಿದಾಗ ನನ್ನನ್ನೂ ತೆಗೆದುಹಾಕಿದರು. ನಾನೇನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿ ಮಾಡಿ ಸಾಕಾಯಿತು, ಸಿಗಲೇ ಇಲ್ಲ. ನಿನಗೆ ಸಿಕ್ಕಿದೆಯಲ್ಲೋ. ಹೋಗಿ ಸರಿಮಾಡಿಕೋ."

ಮಾರನೆಯ ದಿನ ಮೊದಲು ನನ್ನ ಜಾಗದಲ್ಲಿ ಆಡಿದ ಗೆಳೆಯನ ಬಳಿಗೆ ಹೋದೆ. ಅವನು, "ಆ ಬಲಬದಿ ಎಷ್ಟು ಉದ್ದ ಕಣೋ!" ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಮೇಷ್ಟ್ರ ಕೋಣೆಗೆ ಹೋಗಿ ತಂಡದಲ್ಲಿ ಜಾಗ ಕೇಳಲಿಲ್ಲ, ಅವರೂ ಕೊಡಲಿಲ್ಲ. ಆಯ್ಕೆಯಲ್ಲಿ ಕೇಳಿಬಂದ ಮಾತನ್ನು ಅವರಿಗೆ ಒಪ್ಪಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಮೊದಲ ವರ್ಷದ ಹುಡುಗರೂ ಚೆಂಡನ್ನೇ ನೋಡುತ್ತಾರೆ" ಎಂದರು.

ಅಂದಿನಿಂದ ವಾರಕ್ಕೆ ಮೂರು ದಿನ ಸಂಜೆ ನನಗೊಂದು ಕೆಲಸ ಸಿಕ್ಕಿದೆ, ಸಂಬಳವಿಲ್ಲ. ಒಬ್ಬ ಹುಡುಗನಿಗೆ ಎದುರಿನಿಂದ ಚೆಂಡು ಬರುತ್ತದೆ. ನಾನು ಅವನ ಬೆನ್ನ ಹಿಂದೆ ನಿಂತು ಕೆಲವು ಬೆರಳುಗಳನ್ನು ಎತ್ತಿ ಹಿಡಿಯುತ್ತೇನೆ. ಚೆಂಡು ಕಾಲಿಗೆ ತಗಲುವುದರೊಳಗೆ ಅವನು ಕತ್ತು ತಿರುಗಿಸಿ ನೋಡಿ, ಎಷ್ಟೆಂದು ಕೂಗಬೇಕು. ಮೊದಲು ಎಲ್ಲರೂ ತಪ್ಪು ಹೇಳುತ್ತಿದ್ದರು. ಕೆಲವರು ಲೆಕ್ಕ ಸರಿ ಹೇಳಿ ಚೆಂಡನ್ನು ಬಿಟ್ಟುಬಿಡುತ್ತಿದ್ದರು. ಈಗ ಪರವಾಗಿಲ್ಲ.

ತಂಡದ ಚಿತ್ರ ತೆಗೆದ ದಿನ ನಾನು ಚೆಂಡಿನ ಚೀಲ ಹಿಡಿದು ಛಾಯಾಗ್ರಾಹಕರ ಹಿಂದೆ ನಿಂತಿದ್ದೆ. ಎಲ್ಲರೂ ಗಂಭೀರವಾಗಿ ಉಸಿರು ಬಿಗಿಹಿಡಿದಾಗ, ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದಿತು. ಪುಟ ತಿರುಗಿಸಿ ನೋಡಿ: ಹಿಂದಿನ ಸಾಲಿನಲ್ಲಿ, ಎಡಗಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಹುಡುಗರ ಬಾಯಿ ತುಸು ತೆರೆದಿದೆ. ಅಚ್ಚಿನ ದೋಷವಲ್ಲ. ಅವರು 'ಮೂರು' ಎನ್ನುತ್ತಿದ್ದಾರೆ.