ತಿಥಿಯಿಲ್ಲದ ಅತಿಥಿಗಳು

ಕೊಲ್ಲೂರಿನಲ್ಲಿ ಮಳೆಗಾಲವೆಂದರೆ ಆಕಾಶ ಕಾಣದ ಕಾಲ. ಜೂನ್ ತಿಂಗಳಲ್ಲಿ ಕೊಡಚಾದ್ರಿಯ ನೆತ್ತಿಗೆ ಕವಿದ ಮೋಡ ಸೆಪ್ಟೆಂಬರಿನವರೆಗೆ ಸರಿಯುವುದು ಅಪರೂಪ. ಸೌಪರ್ಣಿಕೆಯ ಭೋರ್ಗರೆತ ಕಿವಿಗೆ ಬೀಳುತ್ತದೆ; ಕಣ್ಣಿಗೆ ಒಂದು ತಾರೆಯೂ ಬೀಳದು. ಆದುದರಿಂದ ಮಳೆ ನಿಂತ ಮೇಲಿನ ನಿರ್ಮಲವಾದ ಇರುಳುಗಳ ಬೆಲೆ ಈ ಕಡೆಯವನಾದ ನನಗೆ ಚೆನ್ನಾಗಿ ತಿಳಿದಿದೆ. ದೊರೆತ ಅಲ್ಪ ಸಮಯದಲ್ಲಿ ಯಾವ ದಿಕ್ಕಿಗೆ ನೋಡಬೇಕು? ಅಂತರಿಕ್ಷದಲ್ಲಿ ಸುತ್ತುವ ದೂರದರ್ಶಕವನ್ನು ಬಳಸುವ ವಿಜ್ಞಾನಿಗಳನ್ನೂ ಇದೇ ಪ್ರಶ್ನೆ ಕಾಡುತ್ತದೆ. ಅವರಿಗೆ ಮೋಡದ ಭಯವಿಲ್ಲ. ಆದರೆ ಸಮಯದ ಬಡತನವಿದೆ.

ಅವರು ಅರಸುವ ವಸ್ತುಗಳಲ್ಲಿ ಸೂಪರ್‌ನೋವಾ, ಎಂದರೆ ಸಿಡಿಯುವ ತಾರೆ, ಒಂದು. 'ಶ್ವೇತಕುಬ್ಜ'ವೆಂಬ ಮುದಿ ತಾರೆಯ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದೆಂದು ತೋರಿಸಿದವರು ಸಿ. ವಿ. ರಾಮನ್ನರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಇಂಗ್ಲೆಂಡಿಗೆ ಸಾಗುತ್ತಿದ್ದ ಹಡಗಿನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ಈ ಗಣಿತಕ್ಕೆ ತೊಡಗಿದ್ದರು. ನೆರೆಯ ತಾರೆಯಿಂದ ದ್ರವ್ಯವನ್ನು ಸೆಳೆದು ಆ ಮಿತಿಯನ್ನು ಸಮೀಪಿಸುವ ಶ್ವೇತಕುಬ್ಜ ಸಿಡಿಯಬಲ್ಲದು. ಇಂಥ ಸ್ಫೋಟಗಳ ಗರಿಷ್ಠ ಪ್ರಕಾಶ ಬಹುಮಟ್ಟಿಗೆ ಸಮಾನ. ಮರವಂತೆಯ ಕಡಲಿನಲ್ಲಿ ಮಿನುಗುವ ದೋಣಿಗಳ ದೀಪಗಳೆಲ್ಲ ಸಮಾನವೆಂದು ಗೊತ್ತಿದ್ದರೆ, ಮಂಕಾದುದು ಎಷ್ಟು ದೂರದ್ದೆಂದು ದಡದಲ್ಲಿ ನಿಂತೇ ಎಣಿಸಬಹುದಲ್ಲವೆ? ಹೀಗೆ ಎಣಿಸಿಯೇ ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆಯೆಂಬುದನ್ನು 1998ರಲ್ಲಿ ಕಂಡುಕೊಂಡರು.

ಆದರೆ ಒಂದು ಗೆಲಾಕ್ಸಿಯಲ್ಲಿ ಇಂಥ ಸ್ಫೋಟ ನೂರಾರು ವರ್ಷಗಳಿಗೊಮ್ಮೆ ಮಾತ್ರ ಸಂಭವಿಸುತ್ತದೆ. ಕೆಲವು ವಾರಗಳಲ್ಲಿ ಮಂಕಾಗುತ್ತದೆ. ಒಂದೊಂದೇ ಗೆಲಾಕ್ಸಿಯನ್ನು ಕಾಯುತ್ತ ಕುಳಿತರೆ ಆಯುಷ್ಯ ಸಾಲದು. ಆದುದರಿಂದ ಗೆಲಾಕ್ಸಿಗಳ ಗುಚ್ಛಗಳನ್ನೇ ಆರಿಸುವುದು ಜಾಣತನ. ಒಂದೇ ಚಿತ್ರದಲ್ಲಿ ಅನೇಕ ಗೆಲಾಕ್ಸಿಗಳು ದೊರೆಯುತ್ತವೆ. ಅಲ್ಲದೆ ಗುಚ್ಛಗಳಲ್ಲಿ ಹೆಚ್ಚಾಗಿರುವ ಅಂಡಾಕಾರದ ಗೆಲಾಕ್ಸಿಗಳಲ್ಲಿ ಧೂಳು ಕಡಿಮೆ. ದೀಪ ದೂರದಿಂದ ಮಂಕಾಯಿತೋ ಧೂಳಿನಿಂದ ಮಂಕಾಯಿತೋ ಎಂಬ ಸಂಶಯವೂ ಕಡಿಮೆ. 1990ರಲ್ಲಿ ಉಡಾವಣೆಗೊಂಡ ಹಬಲ್ ದೂರದರ್ಶಕದಿಂದ 2005 ಮತ್ತು 2006ರಲ್ಲಿ ಇಂಥ 25 ಗುಚ್ಛಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅವುಗಳ ಬೆಳಕು ಹೊರಟು 700ರಿಂದ 900 ಕೋಟಿ ವರ್ಷಗಳಾಗಿದ್ದುವು.

ನನ್ನನ್ನು ಬೆರಗುಗೊಳಿಸುವುದು ಆ ಯೋಜನೆಯ ಕಾಲಗಣನೆ. ಹಿಗ್ಗುವ ವಿಶ್ವದಲ್ಲಿ ಅಷ್ಟು ದೂರದ ಘಟನೆಗಳು ನಮಗೆ ಸುಮಾರು ಎರಡು ಪಟ್ಟು ನಿಧಾನವಾಗಿ ಕಾಣುತ್ತವೆ. ಸುಮಾರು ಮೂರು ವಾರಗಳಿಗೊಮ್ಮೆ ಅದೇ ಗುಚ್ಛದ ಚಿತ್ರ ತೆಗೆದು, ಹೊಸದರಿಂದ ಹಳೆಯದನ್ನು ಕಳೆದರೆ, ಉಳಿದ ಬೆಳಕಿನ ಚುಕ್ಕೆಯೇ ಹೊಸ ತಾರೆ. ಅದು ಮಂಕಾಗುವ ಮುನ್ನ ಅದರ ಬೆಳಕನ್ನು ವಿಶ್ಲೇಷಿಸಲು ಭೂಮಿಯ ಮೇಲಿನ ಬೃಹತ್ ದೂರದರ್ಶಕಗಳ ರಾತ್ರಿಗಳನ್ನು ಮೊದಲೇ ಕಾದಿರಿಸಬೇಕು; ತಾರೆ ಕಾಣುವ ಮೊದಲೇ! ತಪ್ಪಿಹೋದ ಸ್ಫೋಟ ಮರಳಿ ಬಾರದು.

ಮರಳಿ ಬಂದ ಒಂದು ತಾರೆಯೂ ಉಂಟು. 2014ರ ನವೆಂಬರಿನಲ್ಲಿ ಒಂದು ಗುಚ್ಛದ ಹಿಂದೆ ಸಿಡಿದ ತಾರೆಯ ಬೆಳಕು, ಗುಚ್ಛದ ಗುರುತ್ವದಿಂದ ಬಾಗಿ, ನಾಲ್ಕು ಬಿಂಬಗಳಾಗಿ ಕಂಡಿತು. ಬೇರೊಂದು ದಾರಿಯಿಂದ ಬರುವ ಬೆಳಕು ಇನ್ನೂ ತಲುಪಿಲ್ಲವೆಂದು ಗಣಿಸಿದ ವಿಜ್ಞಾನಿಗಳು ಹಬಲನ್ನು ಅತ್ತಲೇ ತಿರುಗಿಸಿ ಕಾದರು. 2015ರ ಡಿಸೆಂಬರಿನಲ್ಲಿ ಅದು ಕಾಣಿಸಿಕೊಂಡಿತು. ಆ ತಾರೆಗೆ 'ರೆಫ್ಸ್‌ಡಾಲ್' ಎಂದು ಹೆಸರು.

ಈ ಕಾಯುವಿಕೆ ನಮ್ಮ ನಾಡಿಗೆ ಹೊಸತಲ್ಲ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ, ಚಂದ್ರಶೇಖರರ ಹೆಸರು ಹೊತ್ತ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆ. ಸಮೀಪದ ಗೆಲಾಕ್ಸಿಗಳ ಸೂಪರ್‌ನೋವಾಗಳನ್ನು ಅದು ಅಭ್ಯಸಿಸಿದೆ.

ತಿಥಿಯನ್ನು ತಿಳಿಸದೆ ಬರುವವನೇ ಅತಿಥಿ. ಅವನು ಬರುವ ಗಳಿಗೆ ನಮ್ಮ ಕೈಯಲ್ಲಿಲ್ಲ. ಬಾಗಿಲನ್ನು ತೆರೆದು, ದೀಪವನ್ನು ಹಚ್ಚಿ, ಎಚ್ಚರವಾಗಿರುವುದು ಮಾತ್ರ ನಮ್ಮ ಕೈಯಲ್ಲಿದೆ.