ಎಂಬತ್ತು ಅಂಕದ ಉಡುಪು

ವೆಸ್ಪರ್ ಬೇ ಸಮುದ್ರದಂಚಿನ ಪುಟ್ಟ ಊರು. ಒಂದು ದೋಣಿಕಟ್ಟೆ, ಕೆಲವು ಕಲ್ಲಿನ ಮನೆಗಳು, ಬೆನ್ನಿಗೆ ಒಣ ಗುಡ್ಡ. ಯುದ್ಧಕ್ಕೆ ಹೊರಟ ವೀರರು ಇಲ್ಲಿ ನಿಲ್ಲುವುದು ಬಟ್ಟೆಯ ಕಾರಣಕ್ಕೆ. ಬಟ್ಟೆಗೆ ಬಣ್ಣ ಹಾಕುವುದು ಹೇಗೆ, ಒಂದು ಉಡುಪಿನ ಮೇಲೆ ಇನ್ನೊಂದರ ರೂಪವನ್ನು ಹೊದಿಸುವುದು ಹೇಗೆ ಎಂಬ ಮೊದಲ ಪಾಠ ಸಿಗುವುದು ಇದೇ ಊರಿನಲ್ಲಿ.

ಭೂಪಟ ಬಿಡಿಸಿ ಹುಡುಕಿದರೆ ಈ ಊರು ಸಿಗದು. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿಯ ‘ಫೈನಲ್ ಫ್ಯಾಂಟಸಿ 14’ ಎಂಬ ಆನ್‌ಲೈನ್ ಆಟದೊಳಗಿನ ಇಯೋರ್ಜಿಯಾ ನಾಡಿಗೆ ಸೇರಿದ್ದು ಇದು. ನಾಡಿನ ಇತಿಹಾಸವೂ ವಿಚಿತ್ರ. 2010ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದ ಮೊದಲ ಆವೃತ್ತಿ ಜನರಿಗೆ ಹಿಡಿಸಲಿಲ್ಲ. ಕಂಪೆನಿ ತಪ್ಪನ್ನು ಒಪ್ಪಿಕೊಂಡು, ನಾವೊಕಿ ಯೊಶಿದಾ ಎಂಬ ನಿರ್ದೇಶಕನ ಕೈಗೆ ಅದನ್ನು ಒಪ್ಪಿಸಿತು. 2012ರ ನವೆಂಬರ್ 11ರಂದು ಹಳೆಯ ಆಟ ನಿಂತಿತು. ಕಥೆಯಲ್ಲಿ ಆಕಾಶದ ಚಂದ್ರವೊಂದು ಬಿದ್ದು ನಾಡು ಸುಟ್ಟುಹೋಯಿತು! 2013ರ ಆಗಸ್ಟ್‌ನಲ್ಲಿ ಅದೇ ನಾಡು ಹೊಸದಾಗಿ ಎದ್ದುನಿಂತಿತು.

ಹೊಸ ನಾಡಿಗೂ ಒಂದು ತೊಡಕಿತ್ತು. ಇಂತಹ ಆಟಗಳಲ್ಲಿ ಉಡುಪೆಂದರೆ ಬರೀ ಅಂದವಲ್ಲ, ಅದು ಬಲ. ಗಟ್ಟಿ ಕವಚ ತೊಟ್ಟವನು ಹೆಚ್ಚು ಏಟು ತಾಳುತ್ತಾನೆ. ಆದ್ದರಿಂದ ಎಲ್ಲರೂ ಅತಿ ಬಲವಾದ ಕವಚವನ್ನೇ ತೊಡುತ್ತಿದ್ದರು. ಫಲವೇನು? ಬೀದಿಯಲ್ಲಿ ಹೋಗುವ ಹತ್ತು ಮಂದಿಯಲ್ಲಿ ಎಂಟು ಮಂದಿ ಒಂದೇ ಅಚ್ಚಿನ ಬೊಂಬೆಗಳು. 2014ರ ಮಾರ್ಚ್‌ನಲ್ಲಿ ‘ಗ್ಲಾಮರ್’ ಎಂಬ ಉಪಾಯ ಬಂತು. ಸಣ್ಣದೊಂದು ಹರಳನ್ನು ಖರ್ಚು ಮಾಡಿದರೆ ಸಾಕು. ಮೈಮೇಲಿರುವುದು ಉಕ್ಕಿನ ಕವಚ, ಕಣ್ಣಿಗೆ ಕಾಣುವುದು ಹತ್ತಿಯ ಅಂಗಿ. ಬಲ ಬೇರೆ, ರೂಪ ಬೇರೆ ಆಯಿತು. ಆ ದಿನದಿಂದ ಇಯೋರ್ಜಿಯಾದಲ್ಲಿ ದರ್ಜಿಗಳ ಕಾಲ ಶುರು ಎನ್ನಬೇಕು.

ವೆಸ್ಪರ್ ಬೇಯಿಂದ ಪೂರ್ವಕ್ಕೆ ಬಿಸಿಲ ಹಾದಿ ಹಿಡಿದರೆ ಉಲ್ದಾ ನಗರ. ಮರುಭೂಮಿಯ ನಡುವೆ ಗುಮ್ಮಟಗಳ ಊರು. ಹೆಸರಿಗೆ ಸುಲ್ತಾನಳ ಆಳ್ವಿಕೆ, ಹಿಡಿತವೆಲ್ಲ ವರ್ತಕರದು. ಇಲ್ಲಿಯ ದೇವರೂ ವ್ಯಾಪಾರದ ದೇವರೇ. ನೇಕಾರರ ಸಂಘ ಇರುವುದು ಈ ಊರಿನಲ್ಲಿ. ಬಟ್ಟೆಯ ಹುಚ್ಚು ಹಿಡಿದವರು ಕತ್ತಿಯನ್ನು ಮೂಲೆಗಿಟ್ಟು ಇಲ್ಲಿ ಸೂಜಿ ಹಿಡಿಯುತ್ತಾರೆ.

ಕೆಲಸ ಅಷ್ಟು ಸುಲಭವಲ್ಲ. ಊರಾಚೆ ಹೋಗಿ ಮೋಕೋ ಎಂಬ ಹುಲ್ಲು ಕೊಯ್ದು ತಂದು, ಅದನ್ನು ಒರಟು ಸೆಣಬಿನ ನೂಲಾಗಿಸಬೇಕು, ನೂಲಿನಿಂದ ಬಟ್ಟೆ ನೇಯಬೇಕು, ಆಮೇಲೆ ಅಂಗಿ. ಕೈ ಪಳಗಿದಂತೆ ಹತ್ತಿಕಾಯಿಯಿಂದ ಹತ್ತಿನೂಲು, ಅಗಸೆಯಿಂದ ಲಿನನ್, ಹೀಗೆ ಮೆಟ್ಟಿಲು ಏರಬೇಕು. ತೊಗಲಿನ ಪಾದರಕ್ಷೆ ಬೇಕಾದರೆ ಕಾಡಿನ ನಗರ ಗ್ರಿಡಾನಿಯಾದ ಚರ್ಮ ಕುಶಲಿಗಳ ಬಳಿ ಕಲಿಯಬೇಕು. ಲೋಹದ ತೋಳುಪಟ್ಟಿಗೆ ಕಡಲ ನಗರ ಲಿಮ್ಸಾ ಲೊಮಿನ್ಸಾಕ್ಕೆ ಹೋಗಬೇಕು. ಮಗ ಅಥವಾ ಮಗಳು ಪರದೆಯ ಮುಂದೆ ಕುಳಿತು ತಾಸುಗಟ್ಟಲೆ ಹುಲ್ಲು ಕೊಯ್ಯುವುದನ್ನು ನೋಡಿದ ತಂದೆತಾಯಿಗೆ ಇದೆಂಥ ಯುದ್ಧದ ಆಟ ಎನಿಸಿದರೆ ಆಶ್ಚರ್ಯವಿಲ್ಲ.

ಬಣ್ಣದ ಕಥೆ ಇನ್ನೂ ದೊಡ್ಡದು. ಅಗ್ಗದ ಬಿಳಿಗೆ ‘ಸ್ನೋ ವೈಟ್’ ಎಂದು ಹೆಸರು. ಹಿಮದ ಹೆಸರಿದ್ದರೂ ಅದರಲ್ಲಿ ಬೂದಿಯ ಛಾಯೆ. ನಿಜವಾದ ಬಿಳಿ ಬೇಕೆಂದರೆ ‘ಪ್ಯೂರ್ ವೈಟ್’. ಕಪ್ಪಿಗೂ ಹಾಗೆಯೇ: ಮಸಿಗಪ್ಪು ಅಗ್ಗ, ‘ಜೆಟ್ ಬ್ಲ್ಯಾಕ್’ ದುಬಾರಿ. ಇಂಥ ಒಂದೇ ಕುಡಿಕೆ ಬಣ್ಣಕ್ಕೆ ಅಲ್ಲಿನ ನಾಣ್ಯ ‘ಗಿಲ್’ನಲ್ಲಿ ಬೆಲೆ ಲಕ್ಷ ದಾಟಿದ್ದುಂಟು. ಒಂದೇ ಬಣ್ಣ ರೇಷ್ಮೆಯ ಮೇಲೆ ಒಂದು ರೀತಿ, ತೊಗಲಿನ ಮೇಲೆ ಇನ್ನೊಂದು ರೀತಿ ಕಾಣುತ್ತದೆ. ಅಂಗಿ, ಬೂಟು ಎರಡಕ್ಕೂ ಒಂದೇ ಕೆಂಪು ಹಚ್ಚಿ ಹೊರಬಂದವರು ಬಿಸಿಲಿನಲ್ಲಿ ನೋಡಿ ಪೆಚ್ಚಾಗುತ್ತಾರೆ. ಅದೂ ಅಲ್ಲದೆ ಇಯೋರ್ಜಿಯಾದ ಒಂದು ಹಗಲು-ರಾತ್ರಿ ಮುಗಿಯಲು 70 ನಿಮಿಷ ಸಾಕು. ಉಲ್ದಾದ ಸಂಜೆಗೆಂಪಿನಲ್ಲಿ ಚಿನ್ನದಂತೆ ಹೊಳೆದ ನಿಲುವಂಗಿ ಅರ್ಧ ಗಂಟೆಯಲ್ಲಿ ಬೆಳದಿಂಗಳಿಗೆ ಸಿಕ್ಕಿ ಮಣ್ಣಿನಂತೆ ಕಾಣಬಹುದು. ಬಹುಕಾಲ ಒಂದು ಉಡುಪಿಗೆ ಒಂದೇ ಬಣ್ಣ ಎಂಬ ಕಟ್ಟಳೆ ಇತ್ತು. 2024ರಲ್ಲಿ ಬಂದ ‘ಡಾನ್‌ಟ್ರೇಲ್’ ವಿಸ್ತರಣೆ ಎರಡನೆಯ ಬಣ್ಣಕ್ಕೂ ದಾರಿ ಮಾಡಿತು. ಅಂಚಿಗೊಂದು, ಮೈಗೊಂದು. ಸೀರೆ ಉಡುವ ನಾಡಿನವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಮೈಕಟ್ಟಿನ ತೊಂದರೆ ಬೇರೆ. ಇಲ್ಲಿ ಆನೆಮೈಯ ರೋಗಡಿನ್ ಜನರೂ ಇದ್ದಾರೆ, ಅವರ ಮೊಣಕಾಲೆತ್ತರದ ಲಾಲಫೆಲ್‌ಗಳೂ ಇದ್ದಾರೆ. ಒಂದೇ ಅಂಗಿ ಇಬ್ಬರಿಗೂ ಹೊಂದಬೇಕು. ಮೊಲದ ಕಿವಿಯ ವಿಯೆರಾ ಕುಲ 2019ರಲ್ಲಿ ಬಂದಾಗ ಹೆಚ್ಚಿನ ಟೋಪಿಗಳು ಅವರ ತಲೆಯ ಮೇಲೆ ಕಾಣಿಸಲೇ ಇಲ್ಲ. ಆ ಉದ್ದ ಕಿವಿಗಳಿಗೆ ಎಲ್ಲಿ ತೂತು ಬಿಡುವುದು ಎಂಬುದು ಕಂಪೆನಿಯ ಚಿತ್ರಕಾರರಿಗೆ ದೊಡ್ಡ ತಲೆನೋವಾಯಿತು. ಟೋಪಿ ಇಲ್ಲದ ವಿಯೆರಾಗಳು ದೂರುತ್ತಲೇ ಬಂದರು. ಹೊಲಿಗೆಯವನ ಮುಂದೆ ಅಳತೆಗೆ ನಿಂತು ಗೊಣಗದ ಗಿರಾಕಿ ಯಾವ ಲೋಕದಲ್ಲಿದ್ದಾನೆ?

ಉಲ್ದಾದ ‘ಅವರ್‌ಗ್ಲಾಸ್’ ವಸತಿಗೃಹದ ಕೋಣೆಯಲ್ಲಿ ಒಂದು ಕಪಾಟು ಇದೆ. 2018ರ ಜನವರಿಯಲ್ಲಿ ಬಂದದ್ದು. ರೂಪಗಳನ್ನು ಅದರಲ್ಲಿ ತುಂಬಿಟ್ಟು, ಬೇಕಾದಂತೆ ಜೋಡಿಸಿ ನೋಡಬಹುದು. ಮೊದಲು 200 ಉಡುಪು ಹಿಡಿಸುತ್ತಿತ್ತು. ಸಾಲದೆಂಬ ಕೂಗಿಗೆ ಮಣಿದು ಬರಬರುತ್ತ 800ಕ್ಕೆ ಏರಿಸಿದರು. ಯಕ್ಷಗಾನದ ಚೌಕಿಯಲ್ಲಿ ಕುಳಿತು ವೇಷ ಕಟ್ಟುವುದನ್ನು ಕಂಡವರಿಗೆ ಈ ಕೋಣೆಯ ತನ್ಮಯತೆ ಅಪರಿಚಿತವೆನಿಸದು. ರಂಗಕ್ಕೆ ಹೋಗುವ ಹೊತ್ತಿಗಿಂತ ಇಲ್ಲಿ ಕಳೆಯುವ ಹೊತ್ತೇ ಹೆಚ್ಚು.

ಉಲ್ದಾದಿಂದ ಹಾರುಹಡಗು ಹತ್ತಿದರೆ ಗೋಲ್ಡ್ ಸಾಸರ್. 1997ರ ‘ಫೈನಲ್ ಫ್ಯಾಂಟಸಿ 7’ ಆಡಿದವರಿಗೆ ಹೆಸರು ಪರಿಚಿತ; ಇಲ್ಲಿಗೆ ಅದು ಬಂದದ್ದು 2015ರಲ್ಲಿ. ಜಾತ್ರೆಯೆಂದರೆ ಜಾತ್ರೆ. ಝಗಮಗಿಸುವ ದೀಪ, ಹಕ್ಕಿಗಳ ಓಟದ ಪಂದ್ಯ, ಇಸ್ಪೀಟು, ಲಾಟರಿ. ಇದರ ನಡುವೆ ಮುಖವಾಡ ತೊಟ್ಟ ತೀರ್ಪುಗಾರ ‘ಮಾಸ್ಕ್‌ಡ್ ರೋಸ್’ ಇದ್ದಾನೆ. ವಾರವಾರವೂ ಅವನ ಉಡುಪಿನ ಪರೀಕ್ಷೆ.

ಮಂಗಳವಾರ ವಿಷಯ ಪ್ರಕಟವಾಗುತ್ತದೆ. ಶುಕ್ರವಾರ, ಭಾರತದ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆಗೆ, ಪರೀಕ್ಷೆ ಆರಂಭ. ಮುಂದಿನ ಮಂಗಳವಾರದ ತನಕ ಅವಕಾಶ. ತಲೆಗೆ, ಕೈಗೆ, ಕಾಲಿಗೆ ಎಂದು ಕೆಲವು ಭಾಗಗಳಿಗೆ ಒಗಟಿನಂಥ ಸುಳಿವು ಕೊಡುತ್ತಾನೆ. ಅದನ್ನು ಬಿಡಿಸಿ, ಸರಿಯಾದ ಉಡುಪು ತೊಟ್ಟು, ಸರಿಯಾದ ಬಣ್ಣ ಹಚ್ಚಿ ಅವನೆದುರು ನಿಲ್ಲಬೇಕು. ಪೂರ್ಣಾಂಕ 100. ವಾರಕ್ಕೆ ನಾಲ್ಕು ಸಲ ಮಾತ್ರ ಪ್ರಯತ್ನಿಸಬಹುದು. ಹಾಜರಾದದ್ದಕ್ಕೇ ಜಾತ್ರೆಯ 10,000 ನಾಣ್ಯ. 80 ಅಂಕ ದಾಟಿದರೆ ಮತ್ತೆ 50,000.

ಇಷ್ಟು ಹೇಳಿದ ಮೇಲೆ ಮುಂದಿನದನ್ನು ವಿದ್ಯಾರ್ಥಿಗಳು ತಾವೇ ಊಹಿಸಬಲ್ಲರು. ಶುಕ್ರವಾರ ಬಾಗಿಲು ತೆರೆದ ಕೆಲವೇ ತಾಸುಗಳಲ್ಲಿ ಚುರುಕಿನವರು ಉತ್ತರ ಕಂಡುಹಿಡಿದು, ಪಟ್ಟಿ ಮಾಡಿ ಹಂಚಿಬಿಡುತ್ತಾರೆ. ಯಾವ ಟೋಪಿ, ಯಾವ ಕೈಗವಸು, ಯಾವ ಬಣ್ಣ, ಎಲ್ಲವೂ ಅದರಲ್ಲಿದೆ. ಗೈಡ್ ಪುಸ್ತಕ ಕೈಗೆ ಬಂದ ಮೇಲೆ ಪಠ್ಯ ಓದುವವರು ಯಾರು? ಉಳಿದವರು ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಸರಕನ್ನು ಕೊಂಡು, ಪಟ್ಟಿಯಲ್ಲಿದ್ದಂತೆ ತೊಟ್ಟು ಸಾಲಿಗೆ ನಿಲ್ಲುತ್ತಾರೆ. ಉಕ್ಕಿನ ಶಿರಸ್ತ್ರಾಣ, ಈಜುಡುಗೆ, ರೈತನ ಕೈಗವಸು, ಮಂತ್ರವಾದಿಯ ಚಪ್ಪಲಿ, ಎಲ್ಲ ಒಬ್ಬನ ಮೈಮೇಲೆಯೇ! ಇಡೀ ಇಯೋರ್ಜಿಯಾದಲ್ಲಿ ಅತ್ಯಂತ ವಿಕಾರವಾಗಿ ಉಟ್ಟ ಜನರನ್ನು ನೋಡಬೇಕೆಂದರೆ ಉಡುಪಿಗೆ ಅಂಕ ಕೊಡುವ ಈ ವೇದಿಕೆಯ ಬಳಿಗೇ ಬರಬೇಕು. ತೀರ್ಪುಗಾರ ಮಾತ್ರ ಆಹಾ ಎನ್ನುತ್ತಾನೆ. ಅವನಿಗೆ ಕಣ್ಣಿಲ್ಲ, ಪಟ್ಟಿ ಇದೆ. 80 ಬಂತೋ, ನಾಣ್ಯ ಎಣಿಸಿಕೊಂಡವರು ಅಲ್ಲಿಯೇ ಆ ವೇಷ ಕಳಚಿ ಎಸೆಯುತ್ತಾರೆ.

ಪಟ್ಟಿ ನೋಡದೆ ತನ್ನ ಮನಸ್ಸಿಗೆ ತೋಚಿದಂತೆ ಸೊಗಸಾಗಿ ಉಟ್ಟು ನಿಂತ ಹುಡುಗಿಗೆ ಬರುವ ಅಂಕ ಎಷ್ಟೋ ಸಲ ಎಂಬತ್ತನ್ನು ಮುಟ್ಟುವುದಿಲ್ಲ.

ಆಕೆಯನ್ನು ಹುಡುಕಬೇಕಾದ ಜಾಗ ಬೇರೆ: ಲಿಮ್ಸಾ ಲೊಮಿನ್ಸಾ. ಸಮುದ್ರದಲ್ಲಿ ಎದ್ದ ಬಂಡೆಗಳ ಮೇಲೆ ಸುಣ್ಣದ ಬಿಳುಪಿನ ಗೋಪುರಗಳು, ಅವುಗಳ ನಡುವೆ ಸೇತುವೆಗಳು. ಒಂದು ಕಾಲಕ್ಕೆ ಕಡಲುಗಳ್ಳರ ಊರು. ಕೆಳಹಂತದ ಚೌಕದಲ್ಲಿ ನೀಲಿಯ ದೊಡ್ಡ ಹರಳೊಂದು ತಿರುಗುತ್ತಿರುತ್ತದೆ. ದೂರದಿಂದ ಬರುವವರೆಲ್ಲ ಇಳಿಯುವುದು ಅಲ್ಲಿ. ಮಾರುಕಟ್ಟೆಯ ಫಲಕವೂ ಅಲ್ಲಿಂದ ನಾಲ್ಕೇ ಹೆಜ್ಜೆ. ಆ ಅನುಕೂಲವೊಂದರಿಂದಲೇ ಚೌಕ ಸದಾ ಗಿಜಿಗುಡುತ್ತದೆ. ಬೆಂಚಿನ ಮೇಲೆ, ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ ಜನ. ವಾದ್ಯ ನುಡಿಸುವವರ ಗುಂಪೊಂದು ಬಹುತೇಕ ಇದ್ದೇ ಇರುತ್ತದೆ. ಇಲ್ಲಿ ತೀರ್ಪುಗಾರರಿಲ್ಲ, ನಾಣ್ಯವಿಲ್ಲ. ಬಂದವರು ಸುಮ್ಮನೆ ನಿಲ್ಲುತ್ತಾರೆ, ನೋಡುತ್ತಾರೆ, ನೋಡಿಸಿಕೊಳ್ಳುತ್ತಾರೆ. ಅಪರಿಚಿತನ ಉಡುಪು ಹಿಡಿಸಿದರೆ ಅವನನ್ನು ‘ಪರಿಶೀಲಿಸಿ’ ಯಾವ ಭಾಗಕ್ಕೆ ಏನು ತೊಟ್ಟಿದ್ದಾನೆ ಎಂಬುದನ್ನು ತಿಳಿಯಬಹುದು. ಗುಟ್ಟು ಮುಚ್ಚಿಡುವ ಪದ್ಧತಿ ಇಲ್ಲ. ರಾಜಗಾಂಭೀರ್ಯದ ಆ ನಿಲುವಂಗಿಯ ಕೆಳಗಿನ ಬೂಟು ಹೊಸಬರಿಗೆ ಸಿಗುವ ಮಾಮೂಲಿ ಬೂಟೇ ಎಂದು ಗೊತ್ತಾದಾಗ ಆಗುವ ಸಂತೋಷ ಬೇರೆ.

ದುಡ್ಡಿನ ಮಾತೂ ಬರಬೇಕಲ್ಲ. ಆಟಕ್ಕೆ ತಿಂಗಳ ಚಂದಾ ಇದೆ. ಉಚಿತ ಪ್ರಯೋಗದ ಗಡಿಯನ್ನು 2023ರ ಅಕ್ಟೋಬರ್‌ನಲ್ಲಿ 70ನೇ ಹಂತದ ತನಕ ವಿಸ್ತರಿಸಲಾಯಿತು. ಅದೇ ತಿಂಗಳುಗಟ್ಟಲೆ ಆಡುವಷ್ಟು ದೊಡ್ಡದು. ಆದರೆ ಕಂಪೆನಿಯ ಅಂಗಡಿಯಲ್ಲಿ ನಿಜವಾದ ಹಣಕ್ಕೆ ಮಾರುವ ಉಡುಪುಗಳೂ ಇವೆ. ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಇಲ್ಲಿಯೇ. ಹೊರಗಿನವರಿಂದ ಹಣ ಕೊಟ್ಟು ಗಿಲ್ ಕೊಳ್ಳುವುದಂತೂ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆಯೇ ಹೋದೀತು. ಹಣ ಕೊಟ್ಟು ತಂದ ಪೂರ್ಣ ಜೊತೆಯನ್ನು ತೊಟ್ಟವರು ಚೌಕಕ್ಕೆ ಬಂದರೆ ಜನ ಒಮ್ಮೆ ನೋಡಿ ಗುರುತು ಹಿಡಿದು ಮುಖ ತಿರುಗಿಸುತ್ತಾರೆ. ಅಂತಹುದೇ ಇನ್ನೂ ಐದು ಮಂದಿ ಪಕ್ಕದಲ್ಲಿಯೇ ನಿಂತಿರುತ್ತಾರಲ್ಲ! ಹತ್ತು ಕಡೆಯಿಂದ ಹೆಕ್ಕಿ ತಂದ ಹತ್ತು ಹಳೆಯ ತುಂಡುಗಳನ್ನು ಒಂದು ಬಣ್ಣದ ಎಳೆಯಲ್ಲಿ ಕಟ್ಟಿದ ಉಡುಪಿನ ಮುಂದೆ ಮಾತ್ರ ಜನ ನಿಲ್ಲುತ್ತಾರೆ. ಆಟಗಾರರಿಂದಲೇ ಉಡುಪಿನ ಚಿತ್ರಗಳನ್ನು ಸ್ಪರ್ಧೆಗೆ ಕರೆದು, ಗೆದ್ದವನ್ನು ಕಂಪೆನಿ ಆಟದೊಳಗೆ ಸೇರಿಸಿದ್ದೂ ಉಂಟು. ಚಿತ್ರ ಬರೆದವರು ತಮ್ಮ ಅಂಗಿ ಯಾರದೋ ಮೈಮೇಲೆ ಬೀದಿಯಲ್ಲಿ ಹೋಗುವುದನ್ನು ಕಂಡಿದ್ದಾರೆ.

ಲಿಮ್ಸಾದಲ್ಲಿ ಕತ್ತಲು ಬೇಗ ಇಳಿಯುತ್ತದೆ. ದೀಪಗಳು ಹೊತ್ತಿಕೊಂಡ ಮೇಲೆ ಬಿಳಿ ಕಲ್ಲಿಗೆ ಹಳದಿ ಛಾಯೆ ಬರುತ್ತದೆ. ಕಟ್ಟೆಯ ಮೇಲೆ ಕುಳಿತ ಲಾಲಫೆಲ್ ಒಬ್ಬಳು ಎದ್ದು, ತನ್ನ ಸೆಣಬಿನ ಅಂಗಿಯ ಹಸಿರನ್ನು ನೀಲಿಯಾಗಿಸಿ ನೋಡುತ್ತಾಳೆ. ಒಪ್ಪುವುದಿಲ್ಲ. ಮತ್ತೆ ಹಸಿರು, ಈ ಬಾರಿ ಒಂದು ಛಾಯೆ ಗಾಢ. ಪಕ್ಕದಲ್ಲಿ ನಿಂತಿದ್ದ ಆಳೆತ್ತರದ ರೋಗಡಿನ್ ಬಗ್ಗಿ ನೋಡಿ, ಒಂದೂ ಮಾತನಾಡದೆ ಚಪ್ಪಾಳೆ ತಟ್ಟುತ್ತಾನೆ. ಬೆಳಗಾಗಲು ಇನ್ನು ಅರ್ಧ ಗಂಟೆ.