ಬೌಂಟಿ ನಿಂತ ಕರಿಮರಳಿನ ತೀರ

ತಹೀತಿ ದ್ವೀಪವನ್ನು ನಮ್ಮಲ್ಲಿ ಅನೇಕರು ಭೂಪಟದಲ್ಲಿ ಕಂಡುದಕ್ಕಿಂತ ಬೆಳ್ಳಿತೆರೆಯ ಮೇಲೆ ಕಂಡುದೇ ಹೆಚ್ಚು. 1962ರಲ್ಲಿ ಬಿಡುಗಡೆಯಾದ ‘ಮ್ಯೂಟಿನಿ ಆನ್ ದಿ ಬೌಂಟಿ’ ಎಂಬ ಭಾರಿ ವರ್ಣಚಿತ್ರವು ಆ ದ್ವೀಪದ ನೀಲಿ ಕಡಲನ್ನೂ ಹಸುರು ಶಿಖರಗಳನ್ನೂ ಲೋಕದ ಮೂಲೆಮೂಲೆಗೆ ಕೊಂಡೊಯ್ದಿತು. ದಂಗೆಯ ನಾಯಕ ಫ್ಲೆಚರ್ ಕ್ರಿಶ್ಚಿಯನ್ನನಾಗಿ ಮಾರ್ಲನ್ ಬ್ರ್ಯಾಂಡೊ, ಕಠೋರ ಕಪ್ತಾನ ಬ್ಲೈನಾಗಿ ಟ್ರೆವರ್ ಹೊವರ್ಡ್, ನಾಯಕನ ಮನವೊಲಿದ ದ್ವೀಪಕನ್ಯೆಯಾಗಿ ಅಲ್ಲಿಯವಳೇ ಆದ ತರೀತಾ ಅಭಿನಯಿಸಿದರು. ಇದೇ ಕಥೆಯನ್ನು ಹೇಳಿದ 1935ರ ಚಿತ್ರವು ಶ್ರೇಷ್ಠ ಚಿತ್ರಕ್ಕೆ ಮೀಸಲಾದ ಆಸ್ಕರ್ ಪ್ರಶಸ್ತಿಯನ್ನು ಗಳಿಸಿತ್ತು.

ಕಥೆಯ ನಿಜವಾದ ರಂಗಸ್ಥಳವನ್ನು ನೋಡಬಯಸುವ ಪ್ರವಾಸಿಯು ರಾಜಧಾನಿ ಪಪೀಟೆಯಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೊಮೀಟರು ಸಾಗಿ ಮತವಾಯ್ ಕೊಲ್ಲಿಯನ್ನು ತಲುಪಬೇಕು. ಚಿತ್ರಪಟಗಳ ಬಿಳಿ ಮರಳನ್ನು ನಿರೀಕ್ಷಿಸಿ ಬಂದವನು ಇಲ್ಲಿ ಬೆರಗಾಗುತ್ತಾನೆ. ಜ್ವಾಲಾಮುಖಿಯಿಂದ ಹುಟ್ಟಿದ ಈ ದ್ವೀಪದ ಮರಳು ಇದ್ದಲಿನಂತೆ ಕಪ್ಪು. ಬೆನ್ನಿಗೆ 2,241 ಮೀಟರು ಎತ್ತರದ ಒರೊಹೆನಾ ಶಿಖರ. ಪಕ್ಕದ ಭೂಶಿರದಲ್ಲಿ ಹಳೆಯ ದೀಪಸ್ತಂಭ. 1769ರ ಜೂನ್ 3ರಂದು ಕಪ್ತಾನ ಕುಕ್ಕನ ತಂಡವು ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಹಾದುಹೋಗುವುದನ್ನು ವೀಕ್ಷಿಸಿದ್ದು ಇಲ್ಲಿಯೇ. ಆದುದರಿಂದಲೇ ಆ ಭೂಶಿರಕ್ಕೆ ಶುಕ್ರನ ಹೆಸರು.

1788ರ ಅಕ್ಟೋಬರ್ 26ರಂದು ‘ಬೌಂಟಿ’ ಹಡಗು ಈ ಕೊಲ್ಲಿಗೆ ಬಂದಿತು. ಅದು ಬಂದುದು ಚಿನ್ನಕ್ಕಾಗಿ ಅಲ್ಲ, ಯುದ್ಧಕ್ಕಾಗಿಯೂ ಅಲ್ಲ, ದೀವಿಹಲಸಿನ ಸಸಿಗಳಿಗಾಗಿ! ನಮ್ಮ ಕರಾವಳಿಯ ಮನೆಗಳಲ್ಲಿ ಪಲ್ಯ, ಪೋಡಿಗಳಾಗಿ ಎಲೆಯ ಮೇಲೆ ಬೀಳುವ ಜೀಗುಜ್ಜೆಯೇ ಈ ದೀವಿಹಲಸು. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ದುಡಿಯುವ ಗುಲಾಮರಿಗೆ ಅಗ್ಗದ ಆಹಾರವೊಂದು ತೋಟದ ಒಡೆಯರಿಗೆ ಬೇಕಾಗಿತ್ತು. ತಹೀತಿಯ ದೀವಿಹಲಸಿನಲ್ಲಿ ಬೀಜವಿಲ್ಲ. ಬೇರಿನಿಂದ ಒಡೆದ ಸಸಿಗಳನ್ನೇ ಕುಂಡಗಳಲ್ಲಿ ನೆಟ್ಟು, ಅವು ನೆಲೆಗೊಳ್ಳುವವರೆಗೆ ಕಾಯಬೇಕು. ಹೀಗಾಗಿ ನಾವಿಕರು ಐದು ತಿಂಗಳಿಗೂ ಮಿಗಿಲಾಗಿ ಈ ತೀರದಲ್ಲಿ ತಂಗಿದರು. ಅನೇಕರಿಗೆ ಇಲ್ಲಿ ಸ್ನೇಹ, ಸಂಸಾರಗಳೇ ಬೆಳೆದವು. 1,015 ಸಸಿಗಳನ್ನು ಹೇರಿಕೊಂಡು ಹಡಗು ಹೊರಟಾಗ ಹಿಂದಿನ ಶಿಸ್ತಿಗೆ ಮರಳುವುದು ಅವರಿಗೆ ದುಸ್ತರವಾಯಿತು.

1789ರ ಏಪ್ರಿಲ್ 28ರ ಮುಂಜಾನೆ ಟೋಂಗಾ ದ್ವೀಪಗಳ ಬಳಿ ದಂಗೆ ಸಿಡಿಯಿತು. ಬ್ಲೈಯನ್ನೂ ಅವನೊಡನೆ ಹದಿನೆಂಟು ಮಂದಿಯನ್ನೂ ಇಪ್ಪತ್ತಮೂರು ಅಡಿ ಉದ್ದದ ದೋಣಿಗೆ ಇಳಿಸಲಾಯಿತು. ಅದೇ ದೋಣಿಯಲ್ಲಿ ಆತ ಮೂರೂವರೆ ಸಾವಿರ ನಾಟಿಕಲ್ ಮೈಲಿಗಳಿಗೂ ಹೆಚ್ಚಿನ ದೂರವನ್ನು ದಾಟಿ ಟಿಮೋರ್ ದ್ವೀಪವನ್ನು ಸೇರಿದುದು ನೌಕಾಯಾನದ ಅದ್ಭುತಗಳಲ್ಲಿ ಒಂದು. ಚಿತ್ರದಲ್ಲಿ ರಾಕ್ಷಸನಂತೆ ತೋರುವ ಈ ಕಪ್ತಾನನು ನಿಜದಲ್ಲಿ ಅಷ್ಟು ಕ್ರೂರಿಯಾಗಿರಲಿಲ್ಲ. ಅವನ ನಾಲಗೆ ಹರಿತವಾಗಿದ್ದರೂ ಚಾಟಿಯ ಬಳಕೆಯಲ್ಲಿ ಆತ ಅಂದಿನ ಅನೇಕ ಕಪ್ತಾನರಿಗಿಂತ ಮಿತವಾಗಿದ್ದನೆಂದು ಇತಿಹಾಸಕಾರರು ತೋರಿಸಿದ್ದಾರೆ.

ಚಿತ್ರವು ನಮ್ಮನ್ನು ಹೆಚ್ಚು ಮರುಳುಗೊಳಿಸುವುದು ಇಲ್ಲಿಂದ ಮುಂದೆ. ತೆರೆಯ ಮೇಲೆ ದ್ವೀಪಕನ್ಯೆಯರು ಪ್ರೇಮದಿಂದ ನಾವಿಕರ ಬೆನ್ನು ಹಿಡಿಯುತ್ತಾರೆ. ವಾಸ್ತವವಾಗಿ ನಡೆದುದೇ ಬೇರೆ. 1789ರ ಸೆಪ್ಟೆಂಬರಿನಲ್ಲಿ ಬೌಂಟಿಯು ಕೊನೆಯ ಬಾರಿ ಮತವಾಯ್ ಕೊಲ್ಲಿಗೆ ಬಂದಾಗ, ಹಡಗನ್ನು ಹತ್ತಿದ್ದ ಹೆಂಗಸರು ಇನ್ನೂ ಒಳಗಿರುವಾಗಲೇ ಲಂಗರಿನ ಹಗ್ಗವನ್ನು ಕಡಿದು ಹೊರಟುಬಿಟ್ಟರು. ವಯಸ್ಸಾದ ಕೆಲವರನ್ನು ಮಾತ್ರ ಎದುರಿನ ಮೊರೆಯಾ ದ್ವೀಪದಲ್ಲಿ ಇಳಿಸಿದರು. ಉಳಿದವರಿಗೆ ತವರಿನ ತೀರ ಕಣ್ಮರೆಯಾಯಿತು.

ಒಂಬತ್ತು ಮಂದಿ ದಂಗೆಕೋರರು, ಪಾಲಿನೀಷಿಯಾದ ಆರು ಮಂದಿ ಗಂಡಸರು ಮತ್ತು ಈ ಹೆಂಗಸರು 1790ರ ಜನವರಿಯಲ್ಲಿ ನಿರ್ಜನವಾದ ಪಿಟ್‌ಕೇರ್ನ್ ದ್ವೀಪವನ್ನು ಸೇರಿದರು, ಹಡಗಿಗೆ ಬೆಂಕಿಯಿಟ್ಟರು. ಚಿತ್ರದ ನಾಯಕನು ಆ ಬೆಂಕಿಯಲ್ಲಿಯೇ ಬೆಂದು ಪ್ರೇಯಸಿಯ ಮಡಿಲಲ್ಲಿ ಪ್ರಾಣ ಬಿಡುತ್ತಾನೆ. ನಿಜವಾದ ಕ್ರಿಶ್ಚಿಯನ್ನನಿಗೆ ಅಂತಹ ಕಾವ್ಯಮಯ ಅಂತ್ಯ ದೊರೆಯಲಿಲ್ಲ. ಬಂದ ಗಂಡಸರು ನೆಲವನ್ನೂ ಹೆಂಗಸರನ್ನೂ ತಮ್ಮಲ್ಲಿಯೇ ಹಂಚಿಕೊಂಡರು. ದ್ವೀಪದ ಗಂಡಸರನ್ನು ಆಳುಗಳಂತೆ ನಡೆಸಿಕೊಂಡರು. ಅದರಿಂದ ಹೊತ್ತಿದ ದ್ವೇಷದಲ್ಲಿ 1793ರಲ್ಲಿ ಕ್ರಿಶ್ಚಿಯನ್ ಕೊಲೆಯಾದನು. 1808ರಲ್ಲಿ ಅಮೆರಿಕದ ಹಡಗೊಂದು ಅಲ್ಲಿಗೆ ಬಂದಾಗ, ದಂಗೆಕೋರರ ಪೈಕಿ ಉಳಿದಿದ್ದವನು ಒಬ್ಬನೇ. ಅವನ ಸುತ್ತ ಆ ಹೆಂಗಸರು ಮತ್ತು ಅವರು ಹೆತ್ತು ಸಾಕಿದ ಮಕ್ಕಳು.

ನಾವಿಕರು ‘ಜೆನ್ನಿ’ ಎಂದು ಕರೆಯುತ್ತಿದ್ದ ತಹೀತಿಯ ಹೆಣ್ಣುಮಗಳೊಬ್ಬಳು 1817ರಲ್ಲಿ ಹಡಗೊಂದನ್ನು ಹಿಡಿದು ತಾಯ್ನೆಲಕ್ಕೆ ಮರಳಿದಳು. ಅವಳು ಹೇಳಿದ ವೃತ್ತಾಂತವು 1819ರಲ್ಲಿ ಸಿಡ್ನಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬ್ಲೈ ಬರೆದ, ಅನಂತರ ಬೇರೆಯವರು ಬರೆದ ಗ್ರಂಥಗಳ ರಾಶಿಯ ನಡುವೆ ಈ ಸಣ್ಣ ವೃತ್ತಾಂತ ಬಹುಕಾಲ ಮೂಲೆಯಲ್ಲಿ ಉಳಿಯಿತು. ಪಿಟ್‌ಕೇರ್ನಿನ ಹೆಂಗಸರು ಮರದ ತೊಗಟೆಯನ್ನು ಬಡಿದು ತಯಾರಿಸಿದ ಬಟ್ಟೆಯ ತುಂಡುಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. 1838ರಲ್ಲಿ ಆ ಪುಟ್ಟ ದ್ವೀಪದ ಸ್ತ್ರೀಯರಿಗೆ ಮತದಾನದ ಹಕ್ಕೂ ದೊರೆಯಿತು.

ಚಿತ್ರದ ಕಥೆ ಇಂತಾದರೆ, ಚಿತ್ರೀಕರಣದ ಕಥೆಯೂ ಸ್ವಾರಸ್ಯವಾದುದೇ. ಕೆನಡದ ನೋವಾ ಸ್ಕೋಶಿಯದಲ್ಲಿ, ಮೂಲ ಹಡಗಿಗಿಂತ ದೊಡ್ಡದಾದ ಹೊಸ ಬೌಂಟಿಯನ್ನು ಕಟ್ಟಿಸಿ ತರಲಾಯಿತು. ಮಳೆಗಾಲ ಕೆಲಸವನ್ನು ಕೆಡಿಸಿತು. ನಿರ್ದೇಶಕ ಕ್ಯಾರೊಲ್ ರೀಡ್ ನಡುವೆಯೇ ಬಿಟ್ಟುಹೋದುದರಿಂದ ಲೂಯಿಸ್ ಮೈಲ್‌ಸ್ಟೋನ್ ಆ ಭಾರವನ್ನು ಹೊತ್ತನು. ಬ್ರ್ಯಾಂಡೊ ಮುಂದೆ ತರೀತಾಳನ್ನು ವರಿಸಿ, ತಹೀತಿಯ ಉತ್ತರಕ್ಕಿರುವ ತೆತಿಯರೋವಾ ಹವಳದ್ವೀಪವನ್ನೇ ತನ್ನದಾಗಿಸಿಕೊಂಡನು. ಅವನು 2004ರಲ್ಲಿ ತೀರಿಕೊಂಡನು. ಅಲ್ಲೀಗ ಅವನ ಹೆಸರಿನ ವಿಲಾಸೀ ವಸತಿಗೃಹವಿದೆ. ಚಿತ್ರಕ್ಕಾಗಿ ಕಟ್ಟಿದ ಹಡಗು ಅರ್ಧ ಶತಮಾನ ತೇಲಿ, 2012ರ ಅಕ್ಟೋಬರ್ 29ರಂದು ‘ಸ್ಯಾಂಡಿ’ ಚಂಡಮಾರುತಕ್ಕೆ ಸಿಲುಕಿ ಅಮೆರಿಕದ ಪೂರ್ವ ಕರಾವಳಿಯಾಚೆ ಮುಳುಗಿತು. ಕಪ್ತಾನನೂ ನಾವಿಕಳೊಬ್ಬಳೂ ಅಸುನೀಗಿದರು.

ದೀವಿಹಲಸಿನ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಬ್ಲೈ ಮತ್ತೊಮ್ಮೆ ತಹೀತಿಗೆ ಹೋಗಿ 1793ರಲ್ಲಿ ಸಸಿಗಳನ್ನು ವೆಸ್ಟ್ ಇಂಡೀಸಿಗೆ ಮುಟ್ಟಿಸಿದನು. ಗುಲಾಮರಿಗೆ ಮೊದಮೊದಲು ಅದು ರುಚಿಸಲಿಲ್ಲ. ಆದರೆ ಇಂದು ಜಮೈಕಾದ ಅಡುಗೆಮನೆಗಳಲ್ಲಿ ಅದು ಮನೆಯ ಮಗುವಿನಂತಾಗಿದೆ.

ಈ ಚಿತ್ರವನ್ನು ಮನೆಮಂದಿಯೊಡನೆ ನೋಡುವ ಅವಕಾಶ ದೊರೆತರೆ ತಪ್ಪದೆ ನೋಡಿ. ಅದರ ಕಡಲು, ಹಾಯಿ, ಸೂರ್ಯಾಸ್ತಗಳು ಕಣ್ಣಿಗೆ ಹಬ್ಬವೇ ಸರಿ. ಆದರೆ ಹೂಮಾಲೆ ಧರಿಸಿ ನಾಯಕನ ಹಿಂದೆ ನಗುತ್ತ ನಿಲ್ಲುವ ಹೆಂಗಸರನ್ನು ಕಂಡಾಗ, ಇಪ್ಪತ್ತೆಂಟು ವರ್ಷ ಕಾದು ಕರಿಮರಳಿನ ನಾಡಿಗೆ ಹಿಂದಿರುಗಿದ ಜೆನ್ನಿಯನ್ನೂ ಒಂದು ಕ್ಷಣ ನೆನೆಯಿರಿ.